ಅಳೆದರೆ ಒಂದು, ತೂಗಿದರೆ ಇನ್ನೊಂದು

ಕಳೆದ ಚಳಿಗಾಲದಲ್ಲಿ ಅಂಕಲಿಗೆ ಹೋದಾಗ ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆದಿತ್ತು. ಅಂಕಲಿ ಎಂದರೆ ಚಿಕ್ಕೋಡಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ ಕೃಷ್ಣೆಯ ಮಗ್ಗುಲಿಗಿರುವ ಊರು. ಜ್ಞಾನೇಶ್ವರರ ಆಷಾಢದ ಪಾಲಕಿಗೆ ಆಳಂದಿಯವರೆಗೆ ಕುದುರೆ ಕಳಿಸುವ ಶಿತೋಳೆ ಸರಕಾರರ ಊರೆಂದರೆ ಆಚೆಯವರಿಗೂ ಗುರುತು ಸಿಗುತ್ತದೆ. ಪಂಚಾಯಿತಿಯ ವಿಷಯ ಮಾತ್ರ ಕುದುರೆಯದಲ್ಲ, ಸಾಬೂನಿನದು.

ಪುಣೆಯಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆ ಬಂದವಳು ಮನೆಯಲ್ಲೇ ಸಾಬೂನು ಮಾಡಿದ್ದಳು. ಅರ್ಧ ಪಾಲು ಕೊಬ್ಬರಿ ಎಣ್ಣೆ, ಅರ್ಧ ಪಾಲು 'ಶಿಯಾ ಬೆಣ್ಣೆ' ಎಂಬ ಆಫ್ರಿಕಾದ ಕಾಯಿಕೊಬ್ಬು. ತಿಂಗಳು ಒಣಗಿಸಿ ಹದ ಬಂದಿತೆಂದು ದೊಡ್ಡವ್ವನಿಗೇ ಮೊದಲ ಬಿಲ್ಲೆ ಕೊಟ್ಟಿದ್ದಳು. ಆಕೆ ಎರಡು ದಿನ ಕೈ ತೊಳೆದುಕೊಂಡಳು. ಮೂರನೆಯ ದಿನ ಬೆರಳ ಸಂದಿಯಲ್ಲೆಲ್ಲ ಉರಿ, ಚರ್ಮ ಕೆಂಪು.

"ನೋಡೋ ತಮ್ಮಾ, ಹುಡುಗಿ ಸುಣ್ಣಾ ಹಾಕ್ಯಾಳ ಇದರಾಗ" ಎಂದು ಕೈ ಮುಂದೆ ಚಾಚಿದಳು.

"ಇಲ್ಲ ಕಾಕಾ, ಬರೆದಷ್ಟೇ ಹಾಕೀನಿ. ಒಂದ ಗ್ರಾಂ ಹೆಚ್ಚಿಲ್ಲ" ಎಂದಳು ಹುಡುಗಿ, ಅಳುವುದೊಂದು ಬಾಕಿ.

ಅವಳು ಹೇಳಿದ್ದು ಸುಳ್ಳಲ್ಲ. ಬರೆದ ಚೀಟಿ ತೋರಿಸಿದಳು. ಶಿಯಾ 250, ಕೊಬ್ಬರಿ ಎಣ್ಣೆ 250, ಕಾಸ್ಟಿಕ್ ಸೋಡಾ 74. ಕಾಸ್ಟಿಕ್ ಸೋಡಾವನ್ನು ಪಕ್ಕದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿ ತಂದಿದ್ದಳು. ಶಿಯಾ ಮತ್ತು ಎಣ್ಣೆಗೆ ಮನೆಯಲ್ಲಿ ಗೀಟು ಹಾಕಿದ ಪ್ಲಾಸ್ಟಿಕ್ ಜಗ್ಗು ಇತ್ತಲ್ಲ, ಶಿಯಾವನ್ನು ಕರಗಿಸಿ ಅದರಲ್ಲಿ 250ರ ಗೀಟಿನವರೆಗೆ ಸುರಿದಳು, ಆಮೇಲೆ ಎಣ್ಣೆಯನ್ನು 500ರವರೆಗೆ. ಜಗ್ಗಿನ ಗೀಟು ಮಿಲಿಲೀಟರಿನದು, ಚೀಟಿಯ ಅಂಕಿ ಗ್ರಾಮಿನದು. ನೀರಾಗಿದ್ದರೆ ಎರಡೂ ಒಂದೇ ಆಗುತ್ತಿತ್ತು. ಸುರಿದದ್ದು ನೀರಲ್ಲ, ಜಿಡ್ಡು.

ಈ ತಪ್ಪು ಪುಣೆಯ ಹುಡುಗಿಯೊಬ್ಬಳದೇ ಅಲ್ಲ. ಅಳತೆಗೂ ತೂಕಕ್ಕೂ ನಡುವಿನ ಈ ಸಂದಿಯಲ್ಲಿ ನಮ್ಮ ಸಂತೆಗಳು, ವೈದ್ಯರು, ಗಣಿತಜ್ಞರು, ಕೊನೆಗೆ ದಿಲ್ಲಿಯ ಸರಕಾರವೂ ಸಿಕ್ಕಿಕೊಂಡ ಕಥೆ ಇದೆ. ಅದನ್ನು ಹೇಳುವ ಮೊದಲು ಶಿಯಾ ಎಂದರೇನು ಎಂದು ಎರಡು ಮಾತು.

ಪಶ್ಚಿಮ ಆಫ್ರಿಕಾದ ಮಾಲಿ, ಬುರ್ಕಿನಾ ಫಾಸೊ, ಘಾನಾ, ನೈಜೀರಿಯಾ ಸೀಮೆಗಳ ಒಣ ಬಯಲಿನಲ್ಲಿ ಬೆಳೆಯುವ ಮರ ಶಿಯಾ. ನಮ್ಮ ಹಿಪ್ಪೆ ಮರದ್ದೂ ಚಿಕ್ಕು ಹಣ್ಣಿನ ಮರದ್ದೂ ಅದರದ್ದೂ ಒಂದೇ ಕುಟುಂಬ. ಹಿಪ್ಪೆ ಬೀಜದಿಂದ ನಮ್ಮವರು ದೀಪಕ್ಕೂ ಸಾಬೂನಿಗೂ ಎಣ್ಣೆ ತೆಗೆದ ಹಾಗೆ ಅಲ್ಲಿಯ ಹೆಂಗಸರು ಶಿಯಾ ಬೀಜದಿಂದ ಜಿಡ್ಡು ತೆಗೆಯುತ್ತಾರೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಮಾಲಿಗೆ ಹೋದಾಗ ಈ ಮರದ ಎಣ್ಣೆಯನ್ನು ಅಡಿಗೆಗೂ ದೀಪಕ್ಕೂ ಬಳಸುವುದನ್ನು ಕಂಡು ಬರೆದಿಟ್ಟಿದ್ದಾನೆ. ನೈಜರ್ ನದಿಯ ಜಾಡು ಹಿಡಿದು 1796ರಲ್ಲಿ ಅಲ್ಲಿಗೆ ಹೋದ ಸ್ಕಾಟ್ಲೆಂಡಿನ ಮಂಗೊ ಪಾರ್ಕ್ ಇದು ಉಪ್ಪಿಲ್ಲದೆಯೂ ವರ್ಷವಿಡೀ ಕೆಡದೆ ಉಳಿಯುತ್ತದೆಂದು ಬೆರಗುಪಟ್ಟ. ತೆಗೆಯುವ ಬಗೆ ನಮಗೆ ಅಪರಿಚಿತವಲ್ಲ. ಬೀಜ ಹುರಿದು, ಕುಟ್ಟಿ, ಅರೆದು, ನೀರು ಬೆರೆಸಿ ಕೈಯಿಂದ ಬಡಿದು ಬಡಿದು ಕಲಸುತ್ತಾರೆ. ಜಿಡ್ಡು ಬಿಳಿಯಾಗಿ ಮೇಲೆ ತೇಲಿ ಬರುತ್ತದೆ. ಮೊಸರು ಕಡೆದು ಬೆಣ್ಣೆ ಎತ್ತಿದವರಿಗೆ ಆ ಕ್ಷಣ ಗೊತ್ತು.

ನಮ್ಮಲ್ಲಿ ಅದಕ್ಕೆ ತೀರ ಹತ್ತಿರದ್ದು ಘಟ್ಟದ ಮುರುಗಲ ತುಪ್ಪ. ಯುರೋಪಿನ ಒಕ್ಕೂಟ 2000ದಲ್ಲಿ ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜೊತೆ ಸ್ವಲ್ಪ ಬೆರೆಸಬಹುದೆಂದು ಆರು ಸಸ್ಯಜಿಡ್ಡುಗಳ ಪಟ್ಟಿ ಮಾಡಿತು. ಅದರಲ್ಲಿ ಶಿಯಾವೂ ಇದೆ, ಮುರುಗಲೂ ಇದೆ, ಮಾವಿನ ಗೊರಟೆಯ ಜಿಡ್ಡೂ ಇದೆ. ಹಿಮ್ಮಡಿ ಒಡೆದಾಗ ನಮ್ಮ ಅಜ್ಜಿಯಂದಿರು ಹಚ್ಚಿಕೊಳ್ಳುತ್ತಿದ್ದ ವಸ್ತುವಿಗೆ ಹೀಗೂ ಒಂದು ಮರ್ಯಾದೆ ಸಿಕ್ಕಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರಿನ ಪಾತ್ರೆ ಇದೆ ಎನ್ನಿ. ಅದರಲ್ಲಿ ನೀರು ತುಂಬಿ ತೂಗಿದರೆ ಒಂದು ಕಿಲೊ. ಹಾಲು ತುಂಬಿದರೆ ಒಂದು ಕಿಲೊ ಮೂವತ್ತು ಗ್ರಾಮಿನ ಸುಮಾರಿಗೆ ಬರುತ್ತದೆ. ಜೇನುತುಪ್ಪವಾದರೆ ಒಂದು ಕಿಲೊ ನಾನೂರು. ಕರಗಿದ ತುಪ್ಪ 905ರಿಂದ 910 ಗ್ರಾಂ. ಜೋಳ ಮುಕ್ಕಾಲು ಕಿಲೊದ ಆಸುಪಾಸು, ಏಕೆಂದರೆ ಕಾಳುಗಳ ನಡುವಿನ ಸಂದಿಯಲ್ಲಿ ಗಾಳಿ ಕೂತಿರುತ್ತದೆ. ಚುರಮುರಿ ತುಂಬಿದರೆ ನೂರು ಗ್ರಾಂ ಮುಟ್ಟಿದರೆ ಹೆಚ್ಚು. ಪಾತ್ರೆ ಹೇಳುವುದು ವಸ್ತು ಎಷ್ಟು ಜಾಗ ಹಿಡಿಯಿತು ಎಂಬುದನ್ನು ಮಾತ್ರ. ವಸ್ತು ಎಷ್ಟಿದೆ ಎಂಬುದು ತಕ್ಕಡಿಗೆ ಗೊತ್ತು. ಎರಡರ ನಡುವೆ ಪ್ರತಿ ವಸ್ತುವಿಗೂ ತನ್ನದೇ ಆದ ಒಂದು ಅಂಕಿ ಇದೆ. ಶಿಯಾದ ಅಂಕಿ ಸುಮಾರು 0.91. ಕೊಬ್ಬರಿ ಎಣ್ಣೆಯದೂ ಹೆಚ್ಚು ಕಡಿಮೆ ಅಷ್ಟೇ. ನೂರು ಮಿಲಿಲೀಟರು ಅಳೆದರೆ ಕೈಗೆ ಬರುವುದು 91 ಗ್ರಾಂ.

ಈ ಅಂಕಿಯನ್ನು ಕಾಣಲು ಪ್ರಯೋಗಶಾಲೆ ಬೇಡ. ಬೆಣ್ಣೆ ಕಡೆದಾದ ಮೇಲೆ ಮಜ್ಜಿಗೆಯ ಗಡಿಗೆಯಲ್ಲಿ ಇಣುಕಿ ನೋಡಿ. ಮುದ್ದೆ ತೇಲುತ್ತಿದೆ, ಆದರೆ ಬೆಂಡಿನ ಹಾಗೆ ಮೇಲೆ ಕುಣಿಯುವುದಿಲ್ಲ. ಬಹುಪಾಲು ಮುಳುಗಿ ಮೇಲೆ ಒಂದಿಷ್ಟೇ ತಲೆ ಕಾಣಿಸುತ್ತದೆ. ನೀರಿನಲ್ಲಿ ತೇಲುವ ವಸ್ತುವಿನ ಎಷ್ಟು ಪಾಲು ಮುಳುಗಿರುತ್ತದೋ ಅಷ್ಟೇ ಅದರ ಅಂಕಿ. ಹತ್ತರಲ್ಲಿ ಒಂಬತ್ತು ಪಾಲು ಕೆಳಗೆ, ಒಂದು ಪಾಲು ಮೇಲೆ. ಮಜ್ಜಿಗೆ ನೀರಿಗಿಂತ ತುಸು ಭಾರ, ಬೆಣ್ಣೆಯಲ್ಲಿ ತುಸು ನೀರು, ಹೀಗಾಗಿ ಲೆಕ್ಕ ಒಂದಿಷ್ಟು ಆಚೀಚೆ ಆದೀತು. ಆದರೂ 0.91 ಎಂಬ ಆ ಅಂಕಿ ದಿನ ಬೆಳಗಾದರೆ ನಮ್ಮ ಅಡಿಗೆಮನೆಯಲ್ಲಿ ತೇಲುತ್ತಲೇ ಇತ್ತು.

ಹುಡುಗಿಯ ಜಗ್ಗಿನಲ್ಲಿ ಏನಾಯಿತು ಎಂಬುದನ್ನು ಈಗ ಲೆಕ್ಕ ಹಾಕಬಹುದು. ಅವಳು 250 ಎಂದುಕೊಂಡ ಶಿಯಾ ನಿಜವಾಗಿ 228 ಗ್ರಾಂ, ಎಣ್ಣೆಯೂ 228. ಸಾಬೂನು ಎಂದರೆ ಜಿಡ್ಡು ಮತ್ತು ಕ್ಷಾರದ ಮದುವೆ. ಪ್ರತಿ ಜಿಡ್ಡೂ ತನಗೆ ಬೇಕಾದಷ್ಟೇ ಕ್ಷಾರವನ್ನು ತೆಗೆದುಕೊಳ್ಳುತ್ತದೆ. ಒಂದು ಗ್ರಾಂ ಶಿಯಾಕ್ಕೆ 0.128 ಗ್ರಾಂ ಕಾಸ್ಟಿಕ್ ಸೋಡಾ ಸಾಕು, ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಬೇಕು. 250-250 ಗ್ರಾಮಿಗೆ ಒಟ್ಟು 77.75 ಆಗುತ್ತದೆ. ಚರ್ಮಕ್ಕೆ ಮೃದುವಾಗಲೆಂದು ನೂರಕ್ಕೆ ಐದರಷ್ಟು ಕಡಿಮೆ ಹಾಕುವುದು ರೂಢಿ, ಅದಕ್ಕೇ ಚೀಟಿಯಲ್ಲಿ 74. ಆದರೆ ಅವಳ ಪಾತ್ರೆಯಲ್ಲಿದ್ದ 228-228 ಗ್ರಾಂ ಜಿಡ್ಡು ಕೊನೆಯ ಕಣದವರೆಗೆ ಸಾಬೂನಾದರೂ ಹೀರಿಕೊಳ್ಳುವುದು 71 ಗ್ರಾಂ ಕ್ಷಾರವನ್ನು ಮಾತ್ರ. ಉಳಿದ ಮೂರು ಗ್ರಾಂ ಜೊತೆ ಸಿಗದೆ ಬಿಲ್ಲೆಯಲ್ಲೇ ಉಳಿಯಿತು. ದೊಡ್ಡವ್ವನ ಬೆರಳ ಸಂದಿಯಲ್ಲಿ ಉರಿದದ್ದು ಆ ಮೂರು ಗ್ರಾಂ. ಸುಣ್ಣ ಹಾಕ್ಯಾಳ ಎಂದದ್ದು ಹೆಸರಿನಲ್ಲಿ ತಪ್ಪಿರಬಹುದು, ಗುಣದಲ್ಲಿ ತಪ್ಪಲ್ಲ. ಅದೂ ಕ್ಷಾರವೇ, ಇದೂ ಕ್ಷಾರವೇ.

ಲೆಕ್ಕ ಕೇಳುತ್ತಿದ್ದ ದೊಡ್ಡವ್ವ ಎದ್ದು ಒಳಗೆ ಹೋಗಿ ಅಟ್ಟದ ಮೇಲಿನಿಂದ ಹಿತ್ತಾಳೆಯ ಅಳತೆಗಳನ್ನು ಇಳಿಸಿ ತಂದಳು. ಶೇರು, ಅಚ್ಚೇರು, ಪಾವಶೇರು, ನವಟಾಕು. ಹುಡುಗಿಯ ಪುಸ್ತಕದಲ್ಲಿ ಬೇರೆ ಪಾಕಗಳೆಲ್ಲ 'ಕಪ್' ಲೆಕ್ಕದಲ್ಲಿದ್ದವು. "ಕಪ್ ಅಂದ್ರ ನಮ್ಮ ಪಾವಶೇರ ಅಲ್ಲೇನ?" ಎಂದು ಆಕೆಯ ಪ್ರಶ್ನೆ.

ಪ್ರಶ್ನೆ ಸಾಮಾನ್ಯದ್ದಲ್ಲ. ಅಮೆರಿಕದ ಕಪ್ ಎಂದರೆ 236.6 ಮಿಲಿಲೀಟರು, ಅಷ್ಟು ನೀರು 236 ಗ್ರಾಂ ಚಿಲ್ಲರೆ ತೂಗುತ್ತದೆ. 80 ತೊಲಿಯ ಶೇರಿನ ಪಾವು ಎಂದರೆ 20 ತೊಲಿ, ಅಂದರೆ 233 ಗ್ರಾಂ. ಎರಡೂ ಅಕ್ಕತಂಗಿಯರಷ್ಟು ಹತ್ತಿರ. ಆದರೆ ಕಪ್ಪಿಗೆ ನೀರಿನ ಬದಲು ಶಿಯಾ ತುಂಬಿ ತೂಗಿದರೆ 215 ಗ್ರಾಂ, ನಮ್ಮ ಲೆಕ್ಕದಲ್ಲಿ ಹದಿನೆಂಟೂವರೆ ತೊಲಿಗೆ ಒಂದು ಚೂರು ಕಡಿಮೆ. ಇನ್ನು ಕಪ್ಪಾದರೂ ಒಂದೇ ಇದೆಯೇ? ಆಸ್ಟ್ರೇಲಿಯದ್ದು 250, ಜಪಾನಿನದು 200. ಚಮಚೆಯದೂ ಅದೇ ಹಾಡು. ದೊಡ್ಡ ಚಮಚೆ ಬಹಳ ಕಡೆ 15 ಮಿಲಿಲೀಟರು, ಆಸ್ಟ್ರೇಲಿಯದಲ್ಲಿ 20.

ನಾವು ಅವರನ್ನು ನೋಡಿ ನಗುವಂತಿಲ್ಲ. ದೊಡ್ಡವ್ವನ ಹಿತ್ತಾಳೆಯ ಪಾವಶೇರಿಗೆ ನೀರು ತುಂಬಿ ತೂಗಿ ನೋಡಿದೆವು. 233 ಬರಲಿಲ್ಲ, 270 ದಾಟಿತು. ಆಕೆಗೆ ಆಶ್ಚರ್ಯ, ನನಗೆ ಅಷ್ಟಿಲ್ಲ. ಶೇರು ಎಂಬ ಒಂದೇ ಹೆಸರಿನಲ್ಲಿ ನಮ್ಮಲ್ಲಿ ಎರಡು ಬೇರೆ ವಸ್ತುಗಳಿದ್ದವು, ತೂಕದ ಶೇರು ಬೇರೆ, ಅಳತೆಯ ಶೇರು ಬೇರೆ. ಅಳತೆಯ ಶೇರು ಹುಟ್ಟಿದ್ದು ಕಾಳಿಗಾಗಿ. ಕಾಳು ನೀರಿಗಿಂತ ಹಗುರ, ಆದ್ದರಿಂದ ಒಂದು ಶೇರು ತೂಗುವ ಕಾಳು ಹಿಡಿಸಬೇಕಾದರೆ ಪಾತ್ರೆ ದೊಡ್ಡದಿರಬೇಕು. ದಕ್ಷಿಣದ ಕೆಲವು ಸೀಮೆಗಳಲ್ಲಿ ನವಧಾನ್ಯಗಳನ್ನು ಸಮವಾಗಿ ಬೆರೆಸಿ ತೂಗಿ, ಅದು ಹಿಡಿಸುವ ಪಾತ್ರೆಯನ್ನು ಶೇರೆಂದು ಗೊತ್ತುಮಾಡುವ ಪದ್ಧತಿಯೇ ಇತ್ತು. ಎಂಥ ಜಾಣತನ ನೋಡಿ! ಒಂದೇ ಕಾಳಿಗೆ ಪಕ್ಷಪಾತವಾಗದ ಹಾಗೆ ಒಂಬತ್ತರ ಸರಾಸರಿ. ಆದರೆ ಆ ಪಾತ್ರೆಗೆ ತುಪ್ಪ ಸುರಿದ ಕೂಡಲೇ ಜಾಣತನವೆಲ್ಲ ಕರಗಿಹೋಗುತ್ತದೆ.

ಅದರ ಮೇಲೆ ಈ ಗಡಿಸೀಮೆಯ ರಾಜಕಾರಣ. ಚಿಕ್ಕೋಡಿ, ಅಥಣಿ ಇಂಗ್ಲಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಲಾಪುರದ ಮಹಾರಾಜರದು. ನದಿ ದಾಟಿ ಮುಂದೆ ಹೋದರೆ ಮಿರಜ, ಸಾಂಗಲಿ, ಕುರುಂದವಾಡದ ಪಟವರ್ಧನರ ಸಂಸ್ಥಾನಗಳು. ಮೂರು ಹರದಾರಿ ನಡೆದರೆ ಸರಕಾರ ಬದಲು, ಸರಕಾರ ಬದಲಾದರೆ ಮಾಪೂ ಬದಲಾಗಬಹುದು. 1939ರ ಕಾಯಿದೆ ಇಂಗ್ಲಿಷರ ಸೀಮೆಗೆಲ್ಲ 80 ತೊಲಿಯ ಶೇರು, 40 ಶೇರಿನ ಮಣ ಎಂದು ಗೊತ್ತುಮಾಡಿತು, ಆದರೆ ಅದು ತೂಕಕ್ಕೆ ಮಾತ್ರ. 1956ರ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೊ ಕಾಲಿಟ್ಟು, 1962ರ ಹೊತ್ತಿಗೆ ಕಡ್ಡಾಯವಾಯಿತು. ಶೇರು 933 ಗ್ರಾಂ ಎಂದಾಯಿತು, ತೊಲಿ 11.66 ಗ್ರಾಂ. ಚುರಮುರಿ ಮಾರುವವರು ಮಾತ್ರ ಇವತ್ತಿಗೂ ಮಾಪು ಬಿಟ್ಟಿಲ್ಲ. ಅವರ ಸರಕಿನ ಮುಕ್ಕಾಲುಪಾಲು ಗಾಳಿಯೇ ಆಗಿರುವಾಗ ಬಿಡುವುದಾದರೂ ಏಕೆ?

ಹಳೆಯ ಕಾಲದವರಿಗೆ ಈ ತೊಡಕು ಗೊತ್ತಿರಲಿಲ್ಲ ಎಂದುಕೊಂಡರೆ ತಪ್ಪಾದೀತು. ರಟ್ಟರ ಕಾಲದ ಶಾಸನಗಳಲ್ಲಿ ತೆಲ್ಲಿಗರು ಗಾಣಕ್ಕೆ ಇಷ್ಟೆಂದು ದೇವರ ನಂದಾದೀಪಕ್ಕೆ ಬಿಟ್ಟ ಎಣ್ಣೆ ಸೊಲ್ಲಗೆ, ಮಾನ ಎಂಬ ಅಳತೆಗಳಲ್ಲಿದೆ. ದ್ರವವನ್ನು ಅಳೆ, ಲೋಹವನ್ನು ತೂಗು ಎಂಬುದು ಆಗಿನ ನೀತಿ. ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಮೊದಲಿಗೇ ಧಾನ್ಯದ ಮಾನ ಬೇರೆ, ಚಿನ್ನದ್ದು ಬೇರೆ, ಬೆಳ್ಳಿಯದು ಬೇರೆ, ಉಳಿದ ಲೋಹಗಳದ್ದು ಬೇರೆ ಎಂದು ಒಂದೊಂದಕ್ಕೂ ಪ್ರತ್ಯೇಕ ಪರಿಭಾಷೆ ಕೊಟ್ಟಿದ್ದಾನೆ. ಬೆರೆಸಬೇಡಿ ಎಂದು ಬಾಯಿಬಿಟ್ಟು ಹೇಳದೆ ಹೇಳಿದ ಹಾಗೆ.

ಆಯುರ್ವೇದದವರದು ಇನ್ನೂ ಸ್ವಾರಸ್ಯ. ತೈಲ, ಘೃತಗಳನ್ನು ಕಾಯಿಸುವಾಗ ಬೇರು ನಾರು ತೂಕದಲ್ಲಿ, ಎಣ್ಣೆ ಹಾಲು ಅಳತೆಯಲ್ಲಿ. ಎರಡಕ್ಕೂ ಗ್ರಂಥದಲ್ಲಿ ಒಂದೇ ಹೆಸರು, ಕುಡವ ಅಥವಾ ಪ್ರಸ್ಥ. ಕುಡವ ಎಂದರೆ ನಾಲ್ಕು ಪಲದ ತೂಕ. ಆದರೆ ದ್ರವಕ್ಕೆ ಬಂದಾಗ ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಪಾತ್ರೆಯೇ ಕುಡವ ಎಂದು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಜೊತೆಗೆ 'ದ್ರವದ್ವೈಗುಣ್ಯ' ಎಂಬ ನಿಯಮ ಬೇರೆ ಇದೆ. ಕುಡವದಿಂದ ಮೇಲಿನ ಮಾನಗಳಲ್ಲಿ ದ್ರವ ಪದಾರ್ಥವನ್ನು ಹೇಳಿದ್ದರ ಎರಡು ಪಟ್ಟು ತೆಗೆದುಕೊಳ್ಳಬೇಕು. ಹದಿನಾರು ಪಲದ ಪ್ರಸ್ಥ ಎಣ್ಣೆಯ ಪಾಲಿಗೆ ಮೂವತ್ತೆರಡು ಪಲ. ಇದನ್ನು ಗುರುಮುಖದಿಂದ ತಿಳಿಯದೆ ಬರಿಯ ಪುಸ್ತಕ ನೋಡಿ ಔಷಧಿ ಕಾಯಿಸಿದವನ ಕಡಾಯಿಯಲ್ಲಿ ಎಣ್ಣೆ ಅರ್ಧಕ್ಕರ್ಧ ಕಡಿಮೆ. ನಮ್ಮ ಹುಡುಗಿಯ ತಪ್ಪಿಗೂ ಇದಕ್ಕೂ ಜಾತಿ ಒಂದೇ.

ಇನ್ನೊಂದು ಮಾತು ಹೇಳಲೇಬೇಕು, ಅದು ಈ ಸೀಮೆಯದೇ ಆದ್ದರಿಂದ. ಕನ್ನಡದಲ್ಲಿ ಮೊದಲು ಗಣಿತ ಬರೆದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಅವನ 'ವ್ಯವಹಾರಗಣಿತ' ಪದ್ಯ ಗದ್ಯ ಎರಡೂ ಬೆರೆತ ಗ್ರಂಥ, ಹೆಸರೇ ಹೇಳುವಂತೆ ವ್ಯಾಪಾರ ವ್ಯವಹಾರದ ಲೆಕ್ಕ. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗವೇ ಎಂದು ಗುರುತಿಸುವವರಿದ್ದಾರೆ. ಅಂಕಲಿಯ ಪಕ್ಕದ ತಾಲ್ಲೂಕು! ಅವನ ಕಾಲದ ಲೆಕ್ಕಿಗರಿಗೆಲ್ಲ ಕೈಯಲ್ಲಿದ್ದ ಆಯುಧ ತ್ರೈರಾಶಿಕ. ಗೊತ್ತಿರುವ ಮೂರರಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಹಿಡಿಯುವುದು. ಶಿಯಾದ ಲೆಕ್ಕವೂ ಅದಕ್ಕಿಂತ ಹೆಚ್ಚಿನದಲ್ಲ. ನೂರು ಅಳತೆಗೆ 91 ತೂಕವಾದರೆ 236ಕ್ಕೆ ಎಷ್ಟು? 236ನ್ನು 91ರಿಂದ ಗುಣಿಸಿ ನೂರರಿಂದ ಭಾಗಿಸು, 215. ತಿರುಗಿಸಿ ಕೇಳಿದರೂ ಸರಿಯೇ. 250 ಗ್ರಾಂ ಶಿಯಾ ಬೇಕಾದರೆ ಎಷ್ಟು ಅಳೆಯಬೇಕು? 250ನ್ನು ನೂರರಿಂದ ಗುಣಿಸಿ 91ರಿಂದ ಭಾಗಿಸು, 275 ಮಿಲಿಲೀಟರು. ಹುಡುಗಿ 275ರ ಗೀಟಿನವರೆಗೆ ಸುರಿದಿದ್ದರೆ ಪಂಚಾಯಿತಿಯೇ ಇರುತ್ತಿರಲಿಲ್ಲ.

ಆದರೆ ಅಂಕಿ ಒಂದೇ ಗೊತ್ತಿದ್ದರೆ ಸಾಲದು, ವಸ್ತು ಯಾವ ಸ್ಥಿತಿಯಲ್ಲಿದೆ ಎಂಬುದೂ ಗೊತ್ತಿರಬೇಕು. ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕಾದ ಜಿಡ್ಡು ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಕರಗಿಸಿ ಡಬ್ಬಿಗೆ ಸುರಿದ ಶಿಯಾ ಅಥವಾ ತುಪ್ಪ ಹೆಪ್ಪುಗಟ್ಟಿದಾಗ ನಡುವೆ ತಗ್ಗು ಬೀಳುವುದನ್ನು ನೀವು ನೋಡಿರಬಹುದು. ಕುಗ್ಗಿದ್ದು ಜಾಗ ಮಾತ್ರ, ತೂಕ ಎಲ್ಲಿಯೂ ಹೋಗಿಲ್ಲ. ಗಟ್ಟಿ ಶಿಯಾವನ್ನು ಚೂರು ಚೂರಾಗಿ ಕಪ್ಪಿಗೆ ತುಂಬಿದರೆ ಸಂದಿಗೊಂದಿಯಲ್ಲಿ ಗಾಳಿ ನಿಂತು 215 ಗ್ರಾಮಿನ ಬದಲು 150 ಕೂಡ ಆಗಬಹುದು. ಇನ್ನು ಪೇಟೆಯಲ್ಲಿ ನೊರೆಯಂತೆ ಕಡೆದು ಅಗಲಬಾಯಿಯ ಡಬ್ಬಿಯಲ್ಲಿ ಮಾರುವ ಶಿಯಾ ಮುಲಾಮು ಬರುತ್ತದಲ್ಲ, ಅದರ ಡಬ್ಬಿ ನೋಡಿ ಮರುಳಾಗದೆ ತೂಕ ಎಷ್ಟೆಂದು ಓದಿ ಕೊಳ್ಳಬೇಕು. ನೀವು ಹಣ ಕೊಟ್ಟು ಮನೆಗೆ ತರುವುದರಲ್ಲಿ ಸಾಕಷ್ಟು ಗಾಳಿಯೂ ಇರುತ್ತದೆ.

ಗಟ್ಟಿ ಜಿಡ್ಡನ್ನು ಕರಗಿಸದೆ ಅಳೆಯಲು ಹಳೆಯ ಅಡಿಗೆಯವರ ಒಂದು ಉಪಾಯವಿದೆ. ಗೀಟಿನ ಪಾತ್ರೆಯಲ್ಲಿ 200ರವರೆಗೆ ತಣ್ಣೀರು ಹಾಕಿ, ಜಿಡ್ಡಿನ ಚೂರುಗಳನ್ನು ಅದರಲ್ಲಿ ಬಿಡುತ್ತ ಹೋಗುವುದು. ನೀರು 300ಕ್ಕೆ ಏರಿದರೆ ಜಿಡ್ಡು 100 ಮಿಲಿಲೀಟರು. ಒಂದೇ ಎಚ್ಚರ, ಜಿಡ್ಡು ತೇಲುತ್ತದಾದ್ದರಿಂದ ಸೂಜಿಯಂಥದರಿಂದ ಒತ್ತಿ ಪೂರ್ತಿ ಮುಳುಗಿಸಿ ಗೀಟು ನೋಡಬೇಕು. ಒತ್ತದೆ ನೋಡಿದರೆ ಇನ್ನೊಂದು ಮಜವಿದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ, ಹಾಗಾಗಿ ಆಗ ಗೀಟು ತೋರಿಸುವುದು ನೇರವಾಗಿ ಗ್ರಾಮನ್ನೇ, 291! ತಕ್ಕಡಿ ಇಲ್ಲದ ಮನೆಯಲ್ಲಿ ನೀರೇ ತಕ್ಕಡಿ. ಇದನ್ನು ತೋರಿಸಿದಾಗ ಹುಡುಗಿಯ ಮುಖ ಅರಳಿತು, ದೊಡ್ಡವ್ವನದು ಅಲ್ಲ. "ನೀರಾಗ ಹಾಕಿದ ಬೆಣ್ಣಿ ಯಾರ ತಗೋತಾರೋ" ಎಂದಳು.

ಆಕೆಯ ಅನುಮಾನಕ್ಕೆ ಅನುಭವದ ಬೆಂಬಲವಿತ್ತು. ಎಮ್ಮೆ ಕಟ್ಟಿ, ಬೆಣ್ಣೆ ಮಾರಿ ಮಕ್ಕಳನ್ನು ಓದಿಸಿದವಳು ಆಕೆ. ಬೆಣ್ಣೆ ಕೊಡುವುದು ತೂಕದ ಮೇಲೆ, ಅದೇ ಬೆಣ್ಣೆ ಕಾಸಿದ ತುಪ್ಪ ಕೊಡುವುದು ಅಳತೆಯ ಮೇಲೆ. ಕೊಳ್ಳುವವರು ಬಲ್ಲವರಾದರೆ ಬೆಣ್ಣೆಯನ್ನು ಹಿಂಡಿ ನೋಡುತ್ತಿದ್ದರಂತೆ, ಒಂದು ಚೂರು ಕೆಂಡದ ಮೇಲಿನ ಸವಟಿಗೆ ಹಾಕಿ ಎಷ್ಟು ಚಟಪಟ ಎನ್ನುತ್ತದೆಂದು ಕೇಳುತ್ತಿದ್ದರಂತೆ. ಚಟಪಟ ಎಂದರೆ ನೀರು. ಅಳತೆಯಲ್ಲಿ ಮಾರುವವನಿಗೆ ಗಾಳಿ ಲಾಭ, ತೂಕದಲ್ಲಿ ಮಾರುವವನಿಗೆ ನೀರು ಲಾಭ. ಯಂತ್ರದಲ್ಲಿ ಮಾಡಿದ ಬೆಣ್ಣೆಯಲ್ಲಿಯೂ ನೂರಕ್ಕೆ 16ರವರೆಗೆ ನೀರಿಗೆ ಕಾನೂನಿನ ಒಪ್ಪಿಗೆ ಇದೆ. ಕೈಬೆಣ್ಣೆಯ ಒಂದು ಕಿಲೊ ಕಾಸಿದರೆ ಮುಕ್ಕಾಲು ಕಿಲೊದ ಮೇಲೆ ಸ್ವಲ್ಪ ತುಪ್ಪ ಬಂದರೆ ಪುಣ್ಯ.

ಎಣ್ಣೆಯ ಅಂಗಡಿಯಲ್ಲಂತೂ ಕೊಳ್ಳುವವಳೇ ಸೋಲುವವಳು. ಉದ್ದ ಹಿಡಿಕೆಯ ಚಟಾಕಿನಿಂದ ಎತ್ತಿ ಸುರಿದ ಮೇಲೆ ಅದರ ಒಳಮೈಗೆ ಅಂಟಿದ ಎಣ್ಣೆ ಯಾರದು? ಬೇಸಿಗೆಯಲ್ಲಿ ಕಡಿಮೆ ಅಂಟುತ್ತದೆ, ಚಳಿಗಾಲದಲ್ಲಿ ಹೆಚ್ಚು. "ಇನ್ನಷ್ಟ ಸೋರಲಿ ತಡೀರಿ" ಎಂದು ಬಾಟಲಿ ಹಿಡಿದು ನಿಲ್ಲುತ್ತಿದ್ದ ಹೆಂಗಸರು, "ಹಿಂದ ಮಂದಿ ನಿಂತಾರ" ಎಂದು ಚಟಾಕು ಎತ್ತಿಕೊಳ್ಳುತ್ತಿದ್ದ ಅಂಗಡಿಯವರು. ನಮ್ಮ ವಯಸ್ಸಿನವರಿಗೆ ಇದು ಕಣ್ಣಿಗೆ ಕಟ್ಟಿದ ಚಿತ್ರ.

ಹಾಲಿನಲ್ಲಿ ಆಟ ಇನ್ನೂ ಸೂಕ್ಷ್ಮ. ಡೇರಿಯಲ್ಲಿ ಹಾಲಿಗೆ ಇಳಿಬಿಡುವ ಗಾಜಿನ ಲ್ಯಾಕ್ಟೋಮೀಟರು ಅಳೆಯುವುದು ನಾವು ಹೇಳುತ್ತಿರುವ ಈ ಅಂಕಿಯನ್ನೇ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಆದರೆ ಜಿಡ್ಡು ನೀರಿಗಿಂತ ಹಗುರವಷ್ಟೆ? ಕೆನೆ ತೆಗೆದರೆ ಅಂಕಿ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದರೆ ಏರಿದ್ದೂ ಇಳಿದದ್ದೂ ಸರಿದೂಗಿ ಗಾಜಿನ ಕಡ್ಡಿ ಶುದ್ಧ ಹಾಲೆಂದು ಸಾಕ್ಷಿ ನುಡಿಯುತ್ತದೆ. ಅದಕ್ಕೇ ಸಂಘಗಳಲ್ಲಿ ಜಿಡ್ಡನ್ನು ಬೇರೆಯಾಗಿ ಪರೀಕ್ಷಿಸಿ ದರ ಕಟ್ಟುವುದು.

ಇದೆಲ್ಲ ಮುಗಿದ ಕಥೆ, ಈಗ ಎಲ್ಲವೂ ಪ್ಯಾಕೆಟ್ಟಿನಲ್ಲಿ ಬರುತ್ತದೆ ಎನ್ನುವವರು ಅಡಿಗೆ ಎಣ್ಣೆಯ ಪ್ಯಾಕೆಟ್ಟನ್ನು ಹತ್ತಿರ ಹಿಡಿದು ಓದಬೇಕು. 1 ಲೀಟರ್ ಎಂದು ದೊಡ್ಡದಾಗಿ, ಪಕ್ಕದಲ್ಲಿ 910 ಗ್ರಾಂ ಎಂದು ಸಣ್ಣದಾಗಿ ಇರುತ್ತದೆ. ಒಂದು ಕಿಲೊ ತಂದೆ ಎಂದುಕೊಂಡು ಮನೆಗೆ ಬರುವವರು ಇವತ್ತಿಗೂ ಎಷ್ಟೋ ಜನ. ಅದು ಮೋಸವಲ್ಲ, ಜಿಡ್ಡಿನ ಗುಣ. ಮೋಸಕ್ಕೆ ಆಸ್ಪದವಾದದ್ದು ಬೇರೊಂದು ಕಡೆ. ಕೆಲವು ತಯಾರಕರು ಲೀಟರಿನ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯತೊಡಗಿದರು, ಅದೂ 60 ಡಿಗ್ರಿಯವರೆಗೆ. 21 ಡಿಗ್ರಿಯಲ್ಲಿ ಒಂದು ಲೀಟರು ಸೋಯಾ ಎಣ್ಣೆ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಹಿಗ್ಗಿದ ಅದೇ ಒಂದು ಲೀಟರು ತೂಗುವುದು 892.6 ಗ್ರಾಂ. ಲೀಟರು ಪೂರ್ತಿಯೇ, ಕಾನೂನಿನ ಅಕ್ಷರವೂ ಸರಿಯೇ, ಆದರೆ ಎಣ್ಣೆ 26 ಗ್ರಾಂ ಕಡಿಮೆ. ಅರವತ್ತು ಡಿಗ್ರಿಯಲ್ಲಿ ಎಣ್ಣೆ ಇಟ್ಟುಕೊಳ್ಳುವ ಅಡಿಗೆಮನೆ ಯಾವ ಊರಿನಲ್ಲಿದೆಯೋ ತಿಳಿಯದು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣತೆಯ ಮಾತೇ ಇಲ್ಲದೆ ಅಳತೆ ಮತ್ತು ತೂಕ ಎರಡನ್ನೂ ಬರೆಯಬೇಕು, ಬರೆದ ತೂಕ ಒಳಗೆ ಇರಲೇಬೇಕು ಎಂದು ಸೂಚಿಸಿ, 2023ರ ಜನವರಿ 15ರವರೆಗೆ ಕಾಲಾವಕಾಶ ಕೊಟ್ಟಿತು. ಚಟಾಕಿನ ಒಳಮೈಗೆ ಅಂಟಿದ ಎಣ್ಣೆ ಯಾರದು ಎಂಬ ಹಳೆಯ ಜಗಳಕ್ಕೆ ಇಷ್ಟು ತಡವಾಗಿಯಾದರೂ ಒಂದು ತೀರ್ಪು ಬಂದಂತಾಯಿತು.

ಮನೆಯಲ್ಲಿ ಇಂಥ ಪಾಕ ಮಾಡುವವರಿಗೆ ಒಂದು ಮಾತು. ಯಾರದೋ ದೇಶದ ಕಪ್ಪನ್ನು ಹುಡುಕಬೇಕಿಲ್ಲ. ನಿಮ್ಮದೇ ಒಂದು ಬಟ್ಟಲಿಗೆ ನೀರು ತುಂಬಿ, ಬಟ್ಟಲಿನ ತೂಕ ಕಳೆದು ತೂಗಿ. 212 ಗ್ರಾಂ ಬಂದರೆ ಆ ಬಟ್ಟಲು 212 ಮಿಲಿಲೀಟರಿನದು. ಅದರಲ್ಲಿ ಕರಗಿದ ಶಿಯಾ, ಮುರುಗಲು, ತುಪ್ಪ, ಕೊಬ್ಬರಿ ಎಣ್ಣೆ ಯಾವುದೇ ಇರಲಿ, ನೂರಕ್ಕೆ 91ರಂತೆ 193 ಗ್ರಾಂ. ಮುಲಾಮಿಗೆ, ಉಂಡಿಗೆ ಈ ಲೆಕ್ಕ ಧಾರಾಳವಾಗಿ ಸಾಕು, ನಾಲ್ಕು ಗ್ರಾಂ ಆಚೀಚೆಯಾದರೆ ಯಾರಿಗೂ ನೋವಿಲ್ಲ. ಸಾಬೂನಿಗೆ ಮಾತ್ರ ಸಾಲದು. ಕಾಸ್ಟಿಕ್ ಸೋಡಾ ಮುಟ್ಟುವ ಕೆಲಸದಲ್ಲಿ ಜಿಡ್ಡನ್ನೂ ತಕ್ಕಡಿಯ ಮೇಲೆಯೇ ಇಡಬೇಕು, ಅದೂ ಗ್ರಾಂ ಗ್ರಾಮನ್ನೂ ತೋರಿಸುವ ತಕ್ಕಡಿ. ಅಂಥದ್ದು ಮನೆಯಲ್ಲಿಲ್ಲದಿದ್ದರೆ ಸಾಬೂನನ್ನು ಅಂಗಡಿಯಿಂದ ತರುವುದು ಲೇಸು.

ಹುಡುಗಿ ಮರುದಿನ ಜಿಡ್ಡು, ಎಣ್ಣೆ, ಸೋಡಾ ಮೂರನ್ನೂ ಅದೇ ಅಂಗಡಿಯ ತಕ್ಕಡಿಯ ಮೇಲೆ ತೂಗಿ ತಂದು ಮತ್ತೆ ಸಾಬೂನು ಹಾಕಿದಳು. ಅಂಗಡಿಯವರು ಇದೇನು ಹೊಸ ವ್ಯಾಪಾರ ಎಂದು ಕೇಳಿದರಂತೆ. ಉರಿಯ ಬಿಲ್ಲೆಗಳನ್ನು ಎಸೆಯಲು ದೊಡ್ಡವ್ವ ಬಿಡಲಿಲ್ಲ, ಹಿತ್ತಲಲ್ಲಿ ಗೋಣಿಚೀಲ, ಎಮ್ಮೆಯ ಬಕೆಟ್ಟು ತೊಳೆಯಲು ಇಟ್ಟುಕೊಂಡಳು, ಕೋಲಿಗೆ ಬಟ್ಟೆ ಸುತ್ತಿ ತಿಕ್ಕುವ ಷರತ್ತಿನ ಮೇಲೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಶಿಯಾವನ್ನು ಬೆರಳಿನಿಂದ ತೆಗೆದು ಹಿಮ್ಮಡಿಗೆ ಹಚ್ಚಿಕೊಂಡು, ಮುರುಗಲ ತುಪ್ಪದಷ್ಟು ಗಟ್ಟಿಯಿಲ್ಲ, ಆದರೆ ಬೇಗ ಹರಡುತ್ತದೆ ಎಂದಳು. ಎಷ್ಟು ತೆಗೆದಳೆಂದು ನಾವು ಯಾರೂ ತೂಗಲಿಲ್ಲ.